ಮಲ್ಪೆಯಿಂದ ದ್ವೀಪಕ್ಕೆ ಒಂದು ದಿನ: ಪ್ರವಾಸ ತಂಡ ಕರೆದೊಯ್ಯುವವರಿಗೆ ಮಾಹಿತಿ

ಚಳಿಗಾಲ ಬಂದೊಡನೆ ಒಳನಾಡಿನ ಹಳ್ಳಿಗಳಿಂದ ಕರಾವಳಿಯ ಕಡೆಗೆ ಪ್ರವಾಸದ ಬಸ್ಸುಗಳು ಹೊರಡಲಾರಂಭಿಸುತ್ತವೆ. ಶಾಲಾ ಮಕ್ಕಳು, ಸಂಜೀವಿನಿ ಒಕ್ಕೂಟಗಳ ಮಹಿಳೆಯರು, ಅಧ್ಯಯನ ಪ್ರವಾಸಕ್ಕೆ ಹೊರಟ ಸ್ವತಃ ಪಂಚಾಯತಿ ಸದಸ್ಯರು, ಹೀಗೆ ನಾನಾ ತಂಡಗಳು. ಇವರಲ್ಲಿ ಅನೇಕರು ಸಮುದ್ರವನ್ನು ಅಂದೇ ಮೊದಲು ಕಾಣುವವರು. ಊರಿನಲ್ಲಿ ಇಂತಹ ಪ್ರವಾಸದ ಮಾತು ಎದ್ದಾಗ ದಿನಾಂಕ, ಬಸ್ಸು, ನೋಡಬೇಕಾದ ಸ್ಥಳಗಳು ಇವೆಲ್ಲವುಗಳ ಕುರಿತು ಸಲಹೆ ಕೇಳುವುದು ಸಾಮಾನ್ಯವಾಗಿ ಗ್ರಾಮ ಪಂಚಾಯತಿ ಸದಸ್ಯರನ್ನೇ. ಆದುದರಿಂದ ಹೆಚ್ಚು ಜನ ಭೇಟಿ ನೀಡುವ ಒಂದು ತಾಣವನ್ನು, ಅಂದರೆ ಉಡುಪಿ ಜಿಲ್ಲೆಯ ಮಲ್ಪೆಯ ಎದುರಿಗಿರುವ ಸೇಂಟ್ ಮೇರೀಸ್ ದ್ವೀಪವನ್ನು, ಇಲ್ಲಿ ವಿವರಿಸಲಾಗಿದೆ.

ಇದನ್ನು ಸ್ಥಳೀಯರು ತೋನ್ಸೆಪಾರ್ ಎಂದೂ ಕರೆಯುತ್ತಾರೆ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಶಿಲುಬೆ ನೆಟ್ಟು ಈ ಹೆಸರಿಟ್ಟನೆಂಬುದು ಪ್ರತೀತಿ. ವಾಸ್ತವದಲ್ಲಿ ಇದು ಒಂದು ದ್ವೀಪವಲ್ಲ, ಕಿರುದ್ವೀಪಗಳ ಸಾಲು. ಪ್ರವಾಸಿಗರು ಹೋಗುವುದು ತೆಂಗಿನ ಮರಗಳಿಂದ ಕೂಡಿದ ದ್ವೀಪಕ್ಕೆ. ಅದರ ಉದ್ದ ಸುಮಾರು ಅರ್ಧ ಕಿಲೋಮೀಟರ್, ಅಗಲ ಸುಮಾರು ನೂರು ಮೀಟರ್. ನಿಧಾನವಾಗಿ ನಡೆದರೂ ಸ್ವಲ್ಪ ಹೊತ್ತಿನಲ್ಲೇ ಒಂದು ತುದಿಯಿಂದ ಇನ್ನೊಂದು ತುದಿ ತಲುಪಬಹುದು.

ದ್ವೀಪದ ಹಿರಿಮೆ ಅದರ ಕಲ್ಲಿನಲ್ಲಿದೆ. ಬಡಗಿ ಕೆತ್ತಿ ನಿಲ್ಲಿಸಿದ ಕಂಬಗಳಂತೆ ಐದು, ಆರು, ಏಳು ಮುಖಗಳ ಶಿಲಾಸ್ತಂಭಗಳು ಇಲ್ಲಿ ಒತ್ತೊತ್ತಾಗಿ ನಿಂತಿವೆ. ಬೇಸಿಗೆಯಲ್ಲಿ ಕೆರೆಯಂಗಳದ ಕೆಸರು ಒಣಗಿ ಬಿರಿಯುವುದನ್ನು ಕಂಡವರಿಗೆ ಇದರ ಬಗೆ ಸುಲಭವಾಗಿ ತಿಳಿಯುತ್ತದೆ. ಕೆಸರು ನೀರು ಕಳೆದುಕೊಂಡು ಕುಗ್ಗಿ ಬಿರಿಯುವಂತೆ, ಭೂಗರ್ಭದಿಂದ ಉಕ್ಕಿದ ಶಿಲಾರಸವು ಶಾಖ ಕಳೆದುಕೊಂಡು ಕುಗ್ಗಿ ಬಿರಿಯಿತು. ಬಿರುಕುಗಳು ಮೇಲಿನಿಂದ ಆಳಕ್ಕೆ ಇಳಿದಂತೆ ಕಂಬಗಳು ರೂಪುಗೊಂಡವು. ಇದು ನಡೆದದ್ದು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭೂಭಾಗವು ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ ಎಂದು ಭೂವಿಜ್ಞಾನಿಗಳು ನಿರ್ಣಯಿಸಿದ್ದಾರೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯು ಈ ತಾಣವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಇಷ್ಟನ್ನು ಬಸ್ಸಿನಲ್ಲೇ ಮಕ್ಕಳಿಗೆ ತಿಳಿಸಿದರೆ, ದ್ವೀಪದಲ್ಲಿ ಅವರ ಗಮನ ನೀರಿಗಿಂತ ಕಲ್ಲಿನ ಮೇಲೆ ಹೆಚ್ಚಾಗಿ ನಿಲ್ಲುತ್ತದೆ. ಕಲ್ಲನ್ನು ಒಡೆದು ತರುವುದು, ಹೆಸರು ಗೀಚುವುದು ಸರ್ವಥಾ ಕೂಡದು.

ಮಲ್ಪೆಯು ಉಡುಪಿಯಿಂದ ಸುಮಾರು 6 ಕಿಲೋಮೀಟರ್ ದೂರದಲ್ಲಿದೆ. ಅಲ್ಲಿಂದ ದೋಣಿಯಲ್ಲಿ ಸುಮಾರು ಅರ್ಧ ಗಂಟೆಯ ಪ್ರಯಾಣ. ನಿಗದಿತ ಸಂಖ್ಯೆಯ ಜನ ಸೇರಿದ ಬಳಿಕವೇ ದೋಣಿ ಹೊರಡುವುದುಂಟು. ನೈಋತ್ಯ ಮುಂಗಾರಿನ ತಿಂಗಳುಗಳಲ್ಲಿ ಈ ಸಂಚಾರ ಸ್ಥಗಿತವಾಗಿರುತ್ತದೆ. ಮಳೆ ಹಿಂದೆ ಸರಿದು ಕಡಲು ತಣಿದ ಮೇಲೆ ಮತ್ತೆ ಆರಂಭವಾಗುತ್ತದೆ. ಚಂಡಮಾರುತದ ಮುನ್ಸೂಚನೆ ಇರುವಾಗ ಉಳಿದ ಕಾಲದಲ್ಲಿಯೂ ನಿಲ್ಲಬಹುದು. ಬಸ್ಸಿಗೆ ಮುಂಗಡ ಕೊಡುವ ಮೊದಲೇ ಉಡುಪಿಯ ಪ್ರವಾಸೋದ್ಯಮ ಇಲಾಖೆಯ ಕಚೇರಿಯಲ್ಲಿ ವಿಚಾರಿಸುವುದು ಒಳ್ಳೆಯದು.

ಇಲ್ಲಿ ಮುಖ್ಯವಾದ ಒಂದು ಸಂಗತಿಯನ್ನು ಗಮನಿಸಬೇಕು. ನಮ್ಮ ಹಳ್ಳಿಗಳ ಪ್ರವಾಸಪಟ್ಟಿಯಲ್ಲಿ ಒಂದೇ ದಿನಕ್ಕೆ ಉಡುಪಿಯ ದರ್ಶನ, ಮಲ್ಪೆ, ದ್ವೀಪ, ಸಂಜೆಗೆ ಮುರುಡೇಶ್ವರ ಎಂದು ತುಂಬಿರುವುದು ಸಾಮಾನ್ಯ. ಕೊಟ್ಟ ಹಣಕ್ಕೆ ಆದಷ್ಟು ಹೆಚ್ಚು ನೋಡಬೇಕೆಂಬ ಆಸೆ ಸಹಜವೇ. ಆದರೆ ಅದರ ಫಲವೇನು? ರಾತ್ರಿಯಿಡೀ ನಿದ್ದೆಗೆಟ್ಟ ಜನ ನಡುಮಧ್ಯಾಹ್ನ ದ್ವೀಪ ತಲುಪುತ್ತಾರೆ. ಉಳಿದಿರುವುದು ಒಂದು ಗಂಟೆ. ಆ ಒಂದು ಗಂಟೆಯಲ್ಲಿ ಫೋಟೋ, ನೀರಾಟ, ಬಂಡೆ ಏರುವುದು ಎಲ್ಲವೂ ಆಗಬೇಕು. ಶಿಕ್ಷಕರ ಕಣ್ಣು ಗಡಿಯಾರದ ಮೇಲೆ, ಮಕ್ಕಳ ಕಣ್ಣು ಅಲೆಯ ಮೇಲೆ. ಅನಾಹುತಕ್ಕೆ ಎಡೆಯಾಗುವುದು ಇಂತಹ ಹೊತ್ತಿನಲ್ಲಿ.

2022ರ ಏಪ್ರಿಲ್ ತಿಂಗಳಿನಲ್ಲಿ ಇದೇ ದ್ವೀಪದಲ್ಲಿ, ಕೇರಳದಿಂದ ಪ್ರವಾಸ ಬಂದಿದ್ದ ಮೂವರು ಕಾಲೇಜು ವಿದ್ಯಾರ್ಥಿಗಳು ನೀರುಪಾಲಾದರು. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದ ಕಡಲತೀರದಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರ ನಾಲ್ವರು ವಿದ್ಯಾರ್ಥಿನಿಯರು ಪ್ರಾಣ ಕಳೆದುಕೊಂಡರು. ಕಡಲಿನಿಂದ ಬಲು ದೂರದ ಹಳ್ಳಿಗಳ ಮನೆಗಳಿಗೆ ಆ ಸುದ್ದಿ ತಲುಪಿತೆಂಬುದನ್ನು ಮರೆಯಲಾಗದು.

ಕೆರೆಯಲ್ಲಿ, ಬಾವಿಯಲ್ಲಿ ಈಜು ಕಲಿತವನಿಗೆ ಕಡಲಿನ ನೀರು ಪರಿಚಿತವಲ್ಲ. ಕೆರೆಯ ನೀರು ನಿಂತ ನೀರು. ಕಡಲಿನದು ಎಳೆಯುವ ನೀರು. ಹಲವು ಸಣ್ಣ ಅಲೆಗಳು ಬಂದು ಹೋದ ಮೇಲೆ ಒಂದು ದೊಡ್ಡ ಅಲೆ ಮುನ್ಸೂಚನೆಯಿಲ್ಲದೆ ಬರುತ್ತದೆ. ದ್ವೀಪದ ಪಶ್ಚಿಮ ಭಾಗ ತೆರೆದ ಕಡಲಿಗೆ ಮುಖಮಾಡಿರುವುದರಿಂದ ಅಲೆಯ ಹೊಡೆತವೂ ಅಲ್ಲಿಯೇ ಹೆಚ್ಚು. ಬಂಡೆಗಳ ಮೇಲೆ ಪಾಚಿ ಇರುತ್ತದೆ, ಬಂಡೆಯ ಅಂಚಿನಾಚೆ ಆಳ ಒಮ್ಮೆಲೇ ಹೆಚ್ಚಾಗುತ್ತದೆ. ಅಲ್ಲಿ ಜಾರಿದವನಿಗೆ ಈಜು ಬಂದರೂ, ಅಲೆ ಅವನನ್ನು ಮತ್ತೆ ಬಂಡೆಗೆ ಅಪ್ಪಳಿಸುತ್ತದೆ. ಅಪಾಯದ ಫಲಕವಿರುವ ಕಡೆಗೆ, ಹಗ್ಗ ಕಟ್ಟಿರುವುದರ ಆಚೆಗೆ ಯಾರೂ ಹೋಗದಂತೆ ನೋಡಿಕೊಳ್ಳುವುದು ತಂಡದ ಹಿರಿಯರ ಹೊಣೆ. ಜೀವರಕ್ಷಕ ಸಿಬ್ಬಂದಿ ಇದ್ದಾರೆಂದು ಅದನ್ನು ಅವರ ಹೆಗಲಿಗೇ ಬಿಡುವಂತಿಲ್ಲ.

ಆದುದರಿಂದ ಆ ದಿನಕ್ಕೆ ದ್ವೀಪ ಒಂದನ್ನೇ ಇಟ್ಟುಕೊಳ್ಳುವುದು ಉತ್ತಮ. ಹಿಂದಿನ ರಾತ್ರಿ ಉಡುಪಿಯಲ್ಲಿ ತಂಗಿ, ಬೆಳಗಿನ ದೋಣಿಗೆ ಹೊರಡಬೇಕು. ಇದಕ್ಕೆ ಇನ್ನೊಂದು ಕಾರಣವೂ ಇದೆ. ಹಗಲೇರಿದಂತೆ ನೆಲ ಕಾದು ಕಡಲಿನಿಂದ ಗಾಳಿ ಬೀಸತೊಡಗುತ್ತದೆ, ಮಧ್ಯಾಹ್ನದ ಹೊತ್ತಿಗೆ ಅಲೆಗಳ ಏರಿಳಿತ ಹೆಚ್ಚುತ್ತದೆ. ಬೆಳಗಿನ ಕಡಲು ಸಾಮಾನ್ಯವಾಗಿ ಶಾಂತವಾಗಿರುವುದರಿಂದ ವಾಂತಿಯ ತೊಂದರೆಯೂ ಕಡಿಮೆ. ಹೊಟ್ಟೆ ಖಾಲಿಯೂ ಇರಬಾರದು, ಬಿರಿಯುವಷ್ಟು ತುಂಬಿಯೂ ಇರಬಾರದು. ಎರಡು ಇಡ್ಲಿ ಸಾಕು. ತಲೆಸುತ್ತುವವರು ದೋಣಿಯ ನಡುಭಾಗದಲ್ಲಿ ಕುಳಿತು ದೂರದ ದಡದತ್ತ ದೃಷ್ಟಿಯಿಡಬೇಕು.

ಜೀವರಕ್ಷಕ ಜಾಕೆಟ್ಟನ್ನು ದೋಣಿ ಏರುವ ಮುನ್ನವೇ ಧರಿಸಿ ಪಟ್ಟಿಗಳನ್ನು ಬಿಗಿಯಬೇಕು. ಸೀರೆ ಉಟ್ಟವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಅದರ ಮೇಲೆ ಜಾಕೆಟ್ ತೊಡಬೇಕು. ದೊಡ್ಡವರ ಜಾಕೆಟ್ ಮಕ್ಕಳ ಮೈಯಿಂದ ನೀರಿನಲ್ಲಿ ಕಳಚಿಕೊಳ್ಳುತ್ತದೆ. ಸಣ್ಣ ಅಳತೆಯದನ್ನು ಕೇಳಿ ಪಡೆಯಬೇಕು, ಇಲ್ಲವಾದರೆ ಹತ್ತುವುದನ್ನು ಮುಂದಿನ ದೋಣಿಗೆ ಮುಂದೂಡಬೇಕು. ಮಿತಿಗಿಂತ ಹೆಚ್ಚು ಜನ ತುಂಬಿದ ದೋಣಿಯ ವಿಷಯದಲ್ಲಿಯೂ ಇದೇ ಮಾತು. ದೋಣಿ ಪೂರ್ತಿ ದಡ ಮುಟ್ಟದಿದ್ದಾಗ ಸಣ್ಣ ದೋಣಿಗೆ ದಾಟಬೇಕಾಗಬಹುದು. ಮಂಡಿನೋವಿನ ಹಿರಿಯರಿಗೆ ಇದನ್ನು ಊರಿನಲ್ಲೇ ತಿಳಿಸಬೇಕು. ಬರಲೊಲ್ಲದವರು ಮಲ್ಪೆಯ ತೀರದಲ್ಲಿ ಕುಳಿತಿರಬಹುದು, ಅವರೊಂದಿಗೆ ಒಬ್ಬರು ಇರಲಿ.

ಹತ್ತು ಜನಕ್ಕೊಬ್ಬರಂತೆ ಹೊಣೆಗಾರರನ್ನು ನೇಮಿಸಿ, ಬಸ್ಸಿನಿಂದ ಇಳಿದಾಗ, ದೋಣಿ ಏರಿದಾಗ, ದ್ವೀಪದಲ್ಲಿ, ಮರಳಿ ಏರುವಾಗ ತಲೆ ಎಣಿಸುವುದು ಕ್ರಮ. ದ್ವೀಪದ ಬಿಸಿಲು ಕಡುವಾದುದು. ಟೋಪಿ, ನೀರು ಜೊತೆಗಿರಲಿ. ತೀರದಲ್ಲಿ ಚಿಪ್ಪುಗಳು ಹರಡಿರುವುದರಿಂದ ಬರಿಗಾಲು ಸಲ್ಲದು. ಒಂದು ಸುತ್ತು ನಡೆದು, ಕಂಬಕಲ್ಲುಗಳನ್ನು ನೋಡಿ, ತೆಂಗಿನ ನೆರಳಿನಲ್ಲಿ ಕುಳಿತರೆ ಎರಡು ಮೂರು ಗಂಟೆ ಕಳೆದುದೇ ತಿಳಿಯದು. ವಿರಾಮವೆಂದರೆ ಇದೇ.

ಕಸದ ವಿಷಯವನ್ನು ಪಂಚಾಯತಿ ಸದಸ್ಯರಿಗೆ ವಿವರಿಸುವ ಅಗತ್ಯವಿಲ್ಲವೆನಿಸಬಹುದು. ಊರಿನಲ್ಲಿ ಮನೆ ಬಾಗಿಲಿಗೆ ಕಸದ ವಾಹನ ಬರುತ್ತದೆ. ದ್ವೀಪಕ್ಕೆ ಅದು ಬರುವುದಿಲ್ಲ. ಅಲ್ಲಿ ಬಿಟ್ಟದ್ದು ಒಂದೋ ದೋಣಿಯಲ್ಲಿ ಮರಳಬೇಕು, ಇಲ್ಲವೇ ಕಡಲು ಸೇರಬೇಕು. ತಂಡಕ್ಕೆ ಎರಡು ಗೋಣಿಚೀಲ ಒಯ್ದು, ಖಾಲಿ ಬಾಟಲಿ, ತಿಂಡಿಯ ಪೊಟ್ಟಣಗಳನ್ನು ಅದರಲ್ಲೇ ತುಂಬಿ ಹಿಂದೆ ತರುವುದು ಕಷ್ಟವೇನಲ್ಲ.

ದ್ವೀಪದಲ್ಲಿ ರಾತ್ರಿ ತಂಗಲು ಅವಕಾಶವಿಲ್ಲ. ಕೊನೆಯ ದೋಣಿ ಎಷ್ಟು ಗಂಟೆಗೆಂಬುದನ್ನು ಇಳಿಯುವಾಗಲೇ ದೋಣಿಯವರಿಂದ ಕೇಳಿ, ಅದಕ್ಕಿಂತ ಒಂದು ದೋಣಿ ಮೊದಲೇ ಹೊರಡುವಂತೆ ತಂಡಕ್ಕೆ ಸಮಯ ತಿಳಿಸಬೇಕು. ಎಣಿಕೆಯಲ್ಲಿ ಒಬ್ಬರು ಕಡಿಮೆಯಾದರೆ ಹುಡುಕಲು ಆಗ ವೇಳೆ ಉಳಿದಿರುತ್ತದೆ. ತುರ್ತು ಸಂದರ್ಭದಲ್ಲಿ 112, ಸಮುದ್ರದಲ್ಲಿನ ಅವಘಡಕ್ಕೆ ಕರಾವಳಿ ರಕ್ಷಣಾ ಪಡೆಯ 1554 ಸಂಖ್ಯೆಗೆ ಕರೆ ಮಾಡಬಹುದು. ಈ ಎರಡೂ ಸಂಖ್ಯೆಗಳನ್ನು ಪ್ರವಾಸದ ಸೂಚನಾಪತ್ರದಲ್ಲಿ ಮುದ್ರಿಸಿ, ಒಂದು ಪ್ರತಿಯನ್ನು ಬಸ್ಸಿನ ಚಾಲಕರಿಗೂ ಕೊಡತಕ್ಕದ್ದು.