ಕಿವಿಗೆ ಪುಟ ತಿರುವಲು ಬಾರದು

‘ಕೇಳಸವಲ್ದ್ರಿ ಅಕ್ಕಾರ, ಸ್ವಲ್ಪ ಜೋರ ಓದ್ರಿ!’

ಸಿಂಧನೂರಿನ ಒಂದು ಕವಿಗೋಷ್ಠಿಯಲ್ಲಿ ನಾನು ಮೊದಲ ಸಲ ಮೈಕಿನ ಮುಂದೆ ನಿಂತಾಗ ಹಿಂದಿನ ಸಾಲಿನಿಂದ ಬಂದ ಮಾತಿದು. ಜೋರಾಗಿ ಓದಿದೆ, ಕೇಳಿಸಲಿಲ್ಲ. ಇನ್ನೂ ಜೋರಾಗಿ ಓದಿದೆ, ಮೈಕು ಕುಂಯ್ ಎಂದು ಕಿರುಚಿತು. ಕವಿತೆ ಮುಗಿದದ್ದು ಯಾರಿಗೂ ತಿಳಿಯಲಿಲ್ಲ. ‘ಧನ್ಯವಾದಗಳು’ ಅಂದ ಮೇಲೆ ನಾಲ್ಕು ಚಪ್ಪಾಳೆ ಬಿದ್ದವು, ಅಷ್ಟೇ. ನನಗೆ ದನಿ ಸಾಲದು ಅಂದುಕೊಂಡು ಮನೆಗೆ ಬಂದೆ. ದನಿಯದೇನೂ ತಪ್ಪಿರಲಿಲ್ಲ ಎಂಬುದು ಗೊತ್ತಾಗಲು ಬಹಳ ಕಾಲ ಹಿಡಿಯಿತು. ಓದುವವರಿಗೆಂದು ಬರೆದದ್ದನ್ನು ಕೇಳುವವರ ಮುಂದೆ ಹಾಗೆಯೇ ಸುರಿದು ಬಂದಿದ್ದೆ. ಓದುಗನಿಗೆ ಒಂದು ಸಾಲು ತಿಳಿಯದಿದ್ದರೆ ಕಣ್ಣು ತಾನಾಗಿ ಹಿಂದಕ್ಕೆ ಹೋಗುತ್ತದೆ. ಕೇಳುಗನಿಗೆ ಆ ಸವಲತ್ತಿಲ್ಲ. ತಪ್ಪಿದ ಸಾಲು ತಪ್ಪಿಯೇ ಹೋಯಿತು.

ಕವಿತೆಯನ್ನು ಬಾಯಲ್ಲಿ ಹೇಳುವ ಸಂಪ್ರದಾಯಗಳೆಲ್ಲ ಈ ಒಂದು ತೊಡಕಿಗೆ ಒಂದೊಂದು ಉಪಾಯ ಹುಡುಕಿಕೊಂಡಿವೆ. ಅವನ್ನು ಕಲಿಯಲು ರಾಯಚೂರು ಜಿಲ್ಲೆಯವರು ದೂರ ಹೋಗಬೇಕಾಗಿಲ್ಲ.

ಮಸ್ಕಿಯ ಬಂಡೆಯಿಂದಲೇ ಶುರು ಮಾಡಬಹುದು. 1915ರಲ್ಲಿ ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಅಲ್ಲಿ ಅಶೋಕನ ಶಾಸನವನ್ನು ಕಂಡ. ಬರೀ ‘ದೇವಾನಾಂಪಿಯ’ ಎಂದಿರದೆ ಅಶೋಕ ಎಂಬ ಹೆಸರೇ ಇದ್ದುದು ಸಿಕ್ಕಿದ್ದು ಅಲ್ಲಿ. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಇಲ್ಲಿನ ಹೊಲದವರು ಬಂಡೆಯ ಮುಂದೆ ನಿಂತು ಅದನ್ನು ಓದಿಕೊಂಡರೆಂದು ನಂಬುವುದು ಕಷ್ಟ. ಯಾರೋ ಓದಿ ಹೇಳಿರಬೇಕು, ಉಳಿದವರು ಕೇಳಿರಬೇಕು. ಕರ್ನೂಲು ಸೀಮೆಯ ಎರ್ರಗುಡಿಯ ಅಶೋಕ ಶಾಸನದಲ್ಲಂತೂ ಭೇರಿ ಬಾರಿಸಿ ಜನಪದಕ್ಕೆ ತಿಳಿಸುವ ಮಾತೇ ಇದೆ. ನಮ್ಮ ಭಾಷೆಯಲ್ಲಿ ಡಂಗುರ. ಮೊದಲು ಸದ್ದು, ಆಮೇಲೆ ಸುದ್ದಿ: ಕಿವಿಯನ್ನು ಇತ್ತ ತಿರುಗಿಸದೆ ಏನನ್ನೂ ಹೇಳಬೇಡ ಎಂಬುದು ಮೊದಲ ಉಪಾಯ.

ಎರಡನೆಯ ಉಪಾಯ ಲಿಂಗಸುಗೂರು ತಾಲೂಕಿನದು. ವಚನಕಾರರಾದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿ ಅಲ್ಲಿನ ಅಮರೇಶ್ವರದವರು ಎಂಬುದು ಪ್ರತೀತಿ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ಬದುಕಿದವರು, ಒಂದು ದಿನ ಗಂಡ ಹೆಚ್ಚು ಅಕ್ಕಿ ತಂದಾಗ ಹಿಂದಕ್ಕೆ ಸುರಿದು ಬಾ ಎಂದು ಕಳಿಸಿದಾಕೆ ಲಕ್ಕಮ್ಮ. ಭತ್ತದ ಲಾರಿಗಳು ಸಾಲುಗಟ್ಟಿ ನಿಲ್ಲುವ ಸಿಂಧನೂರಿನಲ್ಲಿ ಈ ಕಥೆ ಹೇಳುವಾಗ ನನಗೆ ಸ್ವಲ್ಪ ನಗು ಬರುತ್ತದೆ. ಅವಳ ವಚನಗಳು ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’ ಎಂಬ ಅಂಕಿತದಿಂದ ಮುಗಿಯುತ್ತವೆ. ಅಂಕಿತವನ್ನು ನಾವು ಕವಿಯ ಸಹಿ ಎಂದು ಕಲಿಸುತ್ತೇವೆ. ಕೇಳುವವರಿಗೆ ಅದು ಸಹಿಗಿಂತ ದೊಡ್ಡ ಉಪಕಾರ ಮಾಡುತ್ತದೆ: ಇಲ್ಲಿಗೆ ಮುಗಿಯಿತು, ಇನ್ನು ತಲೆದೂಗಬಹುದು ಎಂಬ ಸೂಚನೆ. ಪಕ್ಕದ ಮಾನ್ವಿ ಸೀಮೆಯ ದಾಸರೂ ಹೀಗೆಯೇ. ಚೀಕಲಪರ್ವಿಯ ವಿಜಯದಾಸರ ಪದದಲ್ಲಿ ವಿಜಯವಿಠಲ, ಮಾನ್ವಿಯ ಜಗನ್ನಾಥದಾಸರ ಪದದಲ್ಲಿ ಜಗನ್ನಾಥವಿಠಲ ಬಂದ ಕೂಡಲೇ ಭಜನೆಯ ಕೈಗಳು ತಾಳವನ್ನು ಇಳಿಸಲು ಸಿದ್ಧವಾಗುತ್ತವೆ. ಇಂದಿನ ನಮ್ಮ ಮುಕ್ತಛಂದದ ಕವಿತೆಗೆ ಇಂಥ ಸೂಚನೆ ಇಲ್ಲ. ಆದ್ದರಿಂದಲೇ ಕವಿಗಳು ‘ಧನ್ಯವಾದಗಳು’ ಎಂಬುದನ್ನೇ ಅಂಕಿತ ಮಾಡಿಕೊಂಡಿದ್ದೇವೆ.

ಬೀಸುಕಲ್ಲಿನ ಮುಂದೆ ಕೂತ ಹೆಂಗಸರದು ಮೂರನೆಯ ಉಪಾಯ. ಎದುರುಬದುರು ಇಬ್ಬರು. ಒಬ್ಬಳು ಸಾಲು ಎತ್ತಿದರೆ ಇನ್ನೊಬ್ಬಳು ಅದನ್ನೇ ಹಿಡಿದು ತಿರುಗಿ ಹಾಡುತ್ತಾಳೆ. ಮೊದಲಿನವಳಿಗೆ ಉಸಿರು ಎಳೆದುಕೊಳ್ಳಲು, ಮುಂದಿನ ಸಾಲು ನೆನಪಿಸಿಕೊಳ್ಳಲು ಬಿಡುವು. ಕೇಳುವವರಿಗೆ ಅದೇ ಸಾಲು ಎರಡನೇ ಸಲ. ಮುದಗಲ್ಲಿನ ಮೊಹರಂ ಈ ಸೀಮೆಗೆಲ್ಲ ಹೆಸರಾದದ್ದು. ನಮ್ಮ ಕಡೆ ಹಾಡುವ ಮೊಹರಂ ಪದಗಳಲ್ಲೂ ಒಬ್ಬ ಎತ್ತಿ ಕೊಟ್ಟರೆ ಮೇಳ ಹಿಡಿದುಕೊಳ್ಳುತ್ತದೆ.

ಈ ಮೂರೂ ಉಪಾಯಗಳು ಒಂದೇ ಕಡೆ ಸೇರಿರುವುದು ಗಜಲ್‌ನಲ್ಲಿ. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಕನ್ನಡ ಗಜಲ್ ಬೇರೂರಿದ ನೆಲ ನಮ್ಮದು. ರಾಯಚೂರು ಸೀಮೆ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. ಶಾಲೆ, ಕಚೇರಿ ಎಲ್ಲ ಉರ್ದುವಿನಲ್ಲಿ. ಹೆಂಬೆರಾಳದ ಶಾಂತರಸರು ಆ ಉರ್ದು ಕಾವ್ಯವನ್ನು ಬಲ್ಲವರು. ಕನ್ನಡಕ್ಕೆ ಗಜಲ್‌ನ ನಿಯಮಗಳನ್ನು ತಂದುಕೊಟ್ಟು, ತಾವೂ ಬರೆದು, 2006ರ ಬೀದರ್ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಅವರ ಮಗಳು ಎಚ್.ಎಸ್. ಮುಕ್ತಾಯಕ್ಕ ‘ನಲವತ್ತು ಗಜಲುಗಳು’ ಬರೆದರು. ಇಂದು ನಮ್ಮ ಭಾಗದ ಯಾವ ಕವಿಗೋಷ್ಠಿಗೆ ಹೋದರೂ ಗಜಲ್ ಓದುವ ಹೆಣ್ಣುಮಕ್ಕಳು ಸಿಗುತ್ತಾರೆ. ಅವರ ಹಿಂದೆ ಮುಕ್ತಾಯಕ್ಕನವರು ಹಾಕಿದ ದಾರಿ ಇದೆ.

ಗಜಲ್ ಮೈಕಿನ ಮುಂದೆ ಯಾಕೆ ಗೆಲ್ಲುತ್ತದೆ? ಉದಾಹರಣೆಗೆಂದು ನಾನೇ ಹೊಸೆದ ಎರಡು ದ್ವಿಪದಿ ನೋಡಿ:

ಅವ್ವ ಕೇಳ್ಯಾಳ ಇರುಳೆಲ್ಲ ಎದ್ದು, ಮಡಿಗೆ ನೀರು ಬಂತೇನು
ಒಲೆಯ ಮುಂದಣ ಬತ್ತಿದ ಕಣ್ಣು, ಗಡಿಗೆ ನೀರು ಬಂತೇನು

ಮ್ಯಾಲಿನ ಊರಿನ ಮದುವೆಯ ವಾಲಗ ಗಾಳಿಗುಂಟ ಬಂತು
ಕೊನೆಯ ತೂಬಿನ ಬದುವಿನ ಆಚೆ ಕುಡಿಗೆ ನೀರು ಬಂತೇನು

ದೊಡ್ಡ ಕಾವ್ಯವೇನಲ್ಲ, ಯಂತ್ರ ಬಿಚ್ಚಿ ತೋರಿಸಲು ಸಾಕು. ‘ನೀರು ಬಂತೇನು’ ಎಂಬುದು ರದೀಫ್, ಬದಲಾಗದೆ ಮರಳಿ ಬರುವ ಮಾತು. ಅದರ ಹಿಂದಿನ ಮಡಿಗೆ, ಗಡಿಗೆ, ಕುಡಿಗೆ ಎಂಬ ಪ್ರಾಸವೇ ಕಾಫಿಯಾ. ಮೊದಲ ದ್ವಿಪದಿ ಮತ್ಲಾ. ಅದರ ಎರಡೂ ಸಾಲಲ್ಲಿ ಕಾಫಿಯಾ, ರದೀಫ್ ಇರಬೇಕು. ಅಂದರೆ ಆಟದ ನಿಯಮವನ್ನು ಕವಿ ಮೊದಲ ಅರ್ಧ ನಿಮಿಷದಲ್ಲೇ ಸಭೆಗೆ ಕಲಿಸಿಬಿಟ್ಟಿರುತ್ತಾಳೆ. ಮುಂದಿನ ದ್ವಿಪದಿಗಳಲ್ಲಿ ಎರಡನೇ ಸಾಲಿಗೆ ಮಾತ್ರ ಕಾಫಿಯಾ, ರದೀಫ್ ಬರುತ್ತವೆ. ವಾಲಗದ ಸಾಲನ್ನು ಹೇಳಿ ನಿಲ್ಲಿ. ಇನ್ನೊಮ್ಮೆ ಹೇಳಿ. ಈ ಊರಿಗೆ ನೀರು ಬಂದಿದೆಯೋ ಇಲ್ಲವೋ ಎಂಬ ಕುತೂಹಲ ಅಷ್ಟರಲ್ಲಿ ಕೂತವರಲ್ಲಿ ಹುಟ್ಟಿರುತ್ತದೆ, ಅದರಲ್ಲೂ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದವರಲ್ಲಿ. ಎರಡನೇ ಸಾಲಿನಲ್ಲಿ ‘ಕುಡಿಗೆ’ ಎನ್ನುವಷ್ಟರಲ್ಲಿ ಉಳಿದದ್ದನ್ನು ಅವರೇ ಹೇಳುತ್ತಾರೆ.

ಉರ್ದು ಕವಿಗೋಷ್ಠಿಗಳಾದ ಮುಷಾಯರಾಗಳಲ್ಲಿ ನಡೆಯುವುದು ಇದೇ. ಸಭೆ ‘ಇರ್ಷಾದ್’ ಅಂದರೆ ಹೇಳಿ ಎಂದು ಅನುಮತಿ, ‘ಮುಕರ್ರರ್’ ಅಂದರೆ ಇನ್ನೊಮ್ಮೆ ಹೇಳಿ ಎಂದು ಬೇಡಿಕೆ. ಕಿವಿಗೆ ಪುಟ ತಿರುವಲು ಬಾರದಿದ್ದರೂ ಬಾಯಿಗೆ ‘ಮುಕರ್ರರ್’ ಎನ್ನಲು ಬರುತ್ತದಲ್ಲ! ಕೊನೆಯ ದ್ವಿಪದಿ ಮಕ್ತಾ. ಅದರಲ್ಲಿ ಕವಿಯ ಕಾವ್ಯನಾಮ ಬಂದರೆ ನಮ್ಮ ಅಂಕಿತದಂತೆಯೇ ಮುಗಿಯಿತೆಂಬ ಸೂಚನೆ. ರಾಗವಾಗಿ ಹೇಳಿದರೆ ತರನ್ನುಮ್, ಮಾತಿನ ಧಾಟಿಯಲ್ಲಿ ಹೇಳಿದರೆ ತಹತ್. ಕಂಠ ಚೆನ್ನಾಗಿದ್ದವರೆಲ್ಲ ತರನ್ನುಮ್‌ಗೆ ಜಾರುತ್ತಾರೆ. ನನ್ನ ಮಟ್ಟಿಗೆ ಹೊಸಬರು ತಹತ್‌ನಲ್ಲೇ ಕಲಿಯುವುದು ಒಳ್ಳೆಯದು. ರಾಗ ಸೊರಗಿದ ಸಾಲನ್ನೂ ಮುಚ್ಚಿಹಾಕುತ್ತದೆ.

ಉಸಿರಿನ ಲೆಕ್ಕ ಒಂದೇ: ಕಾಫಿಯಾಕ್ಕೆ ಮುಂಚೆ ಉಸಿರು ತಗೊಳ್ಳಿ, ಕಾಫಿಯಾ ಮತ್ತು ರದೀಫ್ ನಡುವೆ ಮುರಿಯಬೇಡಿ.

ಮುಕ್ತಛಂದದ ಕವಿತೆಯವರು ಏನು ಮಾಡಬೇಕು? ಎರವಲು ತರಬೇಕು. ಕವಿತೆಯಲ್ಲಿ ಬಹಳ ಮುಖ್ಯವಾದ ಒಂದು ಸಾಲನ್ನು ಎರಡು ಕಡೆಯಾದರೂ ಮರಳಿ ಬರುವಂತೆ ಇಟ್ಟುಕೊಳ್ಳಿ. ಅಚ್ಚಿಗೆ ಕಳಿಸುವಾಗ ಬೇಕಾದರೆ ಒಂದನ್ನು ತೆಗೆಯಿರಿ. ಆವರಣ ಚಿಹ್ನೆಯೊಳಗಿನ ಮಾತು, ಚುಕ್ಕಿಗಳ ಸಾಲು, ಅರ್ಧಕ್ಕೆ ಮುರಿದ ಪದ ಇವೆಲ್ಲ ಕಣ್ಣಿನ ಚಮತ್ಕಾರ, ಮೈಕಿನಲ್ಲಿ ಕಾಣುವುದಿಲ್ಲ. ಕೊನೆಯ ಸಾಲಿಗೆ ಬರುವಾಗ ವೇಗ ಇಳಿಸಿ, ಅದಕ್ಕೆ ಮುಂಚೆ ಒಂದು ಉಸಿರಿನಷ್ಟು ಸುಮ್ಮನಿರಿ, ಹೇಳಿ, ಹಾಳೆಯನ್ನು ಕೆಳಗಿಳಿಸಿ ಜನರನ್ನು ನೋಡಿ. ಚಪ್ಪಾಳೆಗೆ ಅಷ್ಟು ಸೂಚನೆ ಸಾಕು.

ಇನ್ನು ಮೈಕು. ನಮ್ಮ ಊರುಗಳಲ್ಲಿ ಕಂಬಕ್ಕೆ ಸಿಕ್ಕಿಸಿದ ಮೈಕಿನ ಎತ್ತರ ಅದಕ್ಕೆ ಮುಂಚೆ ಭಾಷಣ ಮಾಡಿದ ಮುಖಂಡರದು. ಹೆಂಗಸರು ಹೋಗಿ ಗದ್ದ ಎತ್ತಿ ನಿಲ್ಲುತ್ತೇವೆ, ಗಂಟಲು ಬಿಗಿಯುತ್ತದೆ, ದನಿ ಕೀರಲಾಗುತ್ತದೆ. ಮೈಕಿನ ಹುಡುಗನನ್ನು ಕರೆದು ‘ತಮ್ಮಾ, ಸ್ವಲ್ಪ ಇಳಿಸು’ ಅನ್ನಲು ನಾಚಬೇಡಿ. ಮೈಕಿನ ತಲೆಗೂ ತುಟಿಗೂ ನಡುವೆ ಮುಷ್ಟಿಯೊಂದು ಹಿಡಿಸುವಷ್ಟು ಅಂತರ ಸರಿ. ತೀರಾ ಹತ್ತಿರ ಹೋದರೆ ದನಿ ದಪ್ಪವಾಗಿ ಗುಮ್ಮೆನ್ನುತ್ತದೆ. ಪ, ಬ, ಭ, ಫ ಅಕ್ಷರಗಳಲ್ಲಿ ಬಾಯಿಂದ ಗಾಳಿ ನುಗ್ಗಿ ಮೈಕಿಗೆ ಬಡಿಯುತ್ತದೆ. ಭೂಮಿ, ಬದುಕು, ಭತ್ತ ಎಂದು ಬರೆಯುವವರಿಗೆ ಇದರ ಕಾಟ ಹೆಚ್ಚು. ಮೈಕನ್ನು ಬಾಯಿಗೆ ನೇರ ಹಿಡಿಯದೆ ತುಸು ಓರೆಯಾಗಿ ಇಟ್ಟುಕೊಂಡರೆ ಗಾಳಿ ಪಕ್ಕಕ್ಕೆ ಹೋಗುತ್ತದೆ.

ಆ ಕುಂಯ್ ಸದ್ದಿನ ಕಾರಣವೂ ಸರಳ. ಸ್ಪೀಕರಿನಿಂದ ಬಂದ ಸದ್ದು ಮತ್ತೆ ಮೈಕಿಗೆ ಹೊಕ್ಕು, ದೊಡ್ಡದಾಗಿ ಹೊರಬಂದು, ಮತ್ತೆ ಹೊಕ್ಕು ಸುತ್ತುತ್ತದೆ. ಮೈಕು ಕೈಯಲ್ಲಿ ಹಿಡಿದು ಸ್ಪೀಕರ್ ಡಬ್ಬದ ಮುಂದೆ ಹೋಗಬಾರದು, ಮೈಕಿನ ಜಾಳಿಗೆಯ ತಲೆಯನ್ನು ಅಂಗೈಯಿಂದ ಮುಚ್ಚಬಾರದು. ಕೂಗಬೇಕಾಗಿಲ್ಲ, ಅಂತರ ಸರಿ ಮಾಡಿಕೊಂಡರೆ ಮಾಮೂಲಿ ದನಿ ಸಾಕು. ಬಯಲಲ್ಲಿ ಕಂಬಕ್ಕೆ ಕಟ್ಟಿದ ಕಹಳೆಯಂಥ ಸ್ಪೀಕರ್, ಅಂದರೆ ಭೋಂಗಾ, ಇದ್ದರೆ ಲೆಕ್ಕ ಬೇರೆ. ಭೋಂಗಾ ತಗ್ಗಿನ ಸ್ವರಗಳನ್ನು ನುಂಗುತ್ತದೆ, ಆದ್ದರಿಂದ ತಗ್ಗಿದ ಗಡಸು ದನಿಯ ಸಾಲು ಅಲ್ಲಿ ಸತ್ತಂತೆ. ಜೊತೆಗೆ, ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. 170 ಮೀಟರ್ ಆಚೆಗಿನ ಭೋಂಗಾದ ದನಿ ಹತ್ತಿರದವರಿಗೆ ಅರ್ಧ ಸೆಕೆಂಡ್ ತಡವಾಗಿ ಬಂದು ಸೇರುತ್ತದೆ. ಬಯಲಲ್ಲಿ ಓದುವಾಗ ಸಾಲಿನ ಕೊನೆಯಲ್ಲಿ ಆ ಮರುದನಿ ಅಡಗುವವರೆಗೆ ಕಾಯಿರಿ. ಹಳೆಯ ಭಾಷಣಕಾರರು ಬಿಟ್ಟು ಬಿಟ್ಟು ಮಾತಾಡುತ್ತಿದ್ದುದರಲ್ಲಿ ಗತ್ತಿನಷ್ಟೇ ಈ ಲೆಕ್ಕವೂ ಇತ್ತು.

ಹಾಳೆಯೋ, ಮೊಬೈಲೋ, ಬಾಯಿಪಾಠವೋ? ನಾನು ಹಾಳೆಯ ಪಕ್ಷ. ಒಮ್ಮೆ ಮೊಬೈಲಿನಲ್ಲಿ ನೋಡಿ ಓದುತ್ತಿದ್ದಾಗ, ಅವ್ವನ ಸಾವಿನ ಕವಿತೆಯ ನಟ್ಟನಡುವೆ, ಅವ್ವನದೇ ಫೋನ್ ಬಂತು. ಪರದೆಯ ಮೇಲಿನ ಹೆಸರು ನೋಡಿ ನಾನು ನಕ್ಕದ್ದು ಮೈಕಿನಲ್ಲಿ ಊರಿಗೆಲ್ಲ ಕೇಳಿಸಿತು. ಅಕ್ಷರ ದೊಡ್ಡದಾಗಿರಲಿ, ಒಂದೇ ಮಗ್ಗುಲಲ್ಲಿ ಬರೆದಿರಲಿ, ಫ್ಯಾನಿನ ಗಾಳಿಗೆ ಹಾರದಂತೆ ರಟ್ಟಿಗೆ ಕ್ಲಿಪ್ ಹಾಕಿ. ಹಾಳೆಯನ್ನು ಎದೆಯ ಮಟ್ಟದಲ್ಲಿ ಹಿಡಿಯಿರಿ, ಮುಖಕ್ಕೆ ಅಡ್ಡ ಬೇಡ. ಮೊದಲ ಮತ್ತು ಕೊನೆಯ ಎರಡೆರಡು ಸಾಲು ಬಾಯಿಪಾಠವಿದ್ದರೆ ಆ ಹೊತ್ತಿಗೆ ಜನರ ಮುಖ ನೋಡಬಹುದು. ಮನೆಯಲ್ಲಿ ಗಡಿಯಾರ ಇಟ್ಟು ಓದಿ ನೋಡಿ. ಮೂರು ನಿಮಿಷ ಎಂದುಕೊಂಡದ್ದು ಐದಾಗಿರುತ್ತದೆ. ‘ಈ ಕವಿತೆ ಹುಟ್ಟಿದ ಸಂದರ್ಭವೇನೆಂದರೆ’ ಎಂದು ಶುರು ಮಾಡಿದರೆ ಎಂಟು.

ನಮ್ಮಲ್ಲಿ ಓದಲು ಸಿಗುವ ಜಾಗ ಹೆಚ್ಚಾಗಿ ಆಹ್ವಾನಿತ ಕವಿಗೋಷ್ಠಿ: ಯುಗಾದಿ, ರಾಜ್ಯೋತ್ಸವ, ಮಹಿಳಾ ದಿನ, ಕನ್ನಡ ಸಾಹಿತ್ಯ ಪರಿಷತ್ತಿನ ತಾಲೂಕು ಸಮ್ಮೇಳನ. ಆಹ್ವಾನ ಪತ್ರಿಕೆಯಲ್ಲಿ ಹೆಸರು ಬೇಕು. ಓಪನ್ ಮೈಕ್ ಎಂಬುದು ಬೇರೆ ಬಗೆ. ಬಂದವರು ಬಾಗಿಲಲ್ಲಿ ಹೆಸರು ಬರೆಸುತ್ತಾರೆ, ಸರದಿ ಬಂದಾಗ ಮೂರೋ ಐದೋ ನಿಮಿಷ ಓದುತ್ತಾರೆ, ಅಧ್ಯಕ್ಷರಿಲ್ಲ, ಹಾರವಿಲ್ಲ. ಅಮೆರಿಕದ ಶಿಕಾಗೋದಲ್ಲಿ 1986ರಲ್ಲಿ ಮಾರ್ಕ್ ಸ್ಮಿತ್ ಎಂಬ ಕಟ್ಟಡ ಕೆಲಸದ ಕವಿ ಇದನ್ನೇ ಪಂದ್ಯ ಮಾಡಿ, ಕೇಳುಗರ ಕೈಗೇ ಅಂಕದ ಹಲಗೆ ಕೊಟ್ಟ. ಸ್ಲ್ಯಾಮ್ ಎಂದು ಅದು ಜಗತ್ತೆಲ್ಲ ಹಬ್ಬಿತು. ಅಂಕ ಹಾಕುವ ಸಭೆ ನಮಗೆ ಹೊಸದೇನಲ್ಲ. ಮುಷಾಯರಾದಲ್ಲಿ ‘ವಾಹ್’ ಬರದಿದ್ದರೆ ಅದೇ ಸೊನ್ನೆ.

ಓಪನ್ ಮೈಕಿಗೆ ಮೈಕೂ ಬೇಕೆಂದಿಲ್ಲ. ಗ್ರಂಥಾಲಯದ ಪಡಸಾಲೆ, ಶಾಲೆಯ ಒಂದು ಕೋಣೆ, ಹದಿನೈದು ಜನ ಸಾಕು. ಅಷ್ಟು ಚಿಕ್ಕ ಜಾಗದಲ್ಲಿ ಮೊದಲು ಓದಿ ಬಂದವರು ದೊಡ್ಡ ವೇದಿಕೆಯಲ್ಲಿ ಅಂಜುವುದು ಕಡಿಮೆ. ಗೆಳತಿಯನ್ನು ಕೊನೆಯ ಸಾಲಲ್ಲಿ ಕೂರಿಸಿ, ಕೇಳಿಸದಿದ್ದರೆ ಕೈ ಎತ್ತಲು ಹೇಳಿ.

ಸಂಘಟಕರಲ್ಲಿ ಒಂದು ಮಾತು. ಹನ್ನೊಂದಕ್ಕೆ ಎಂದು ಅಚ್ಚು ಹಾಕಿಸಿ, ಸನ್ಮಾನಗಳನ್ನೆಲ್ಲ ಮುಗಿಸಿ, ಒಂದೂವರೆಗೆ ಕವಿತೆ ಶುರು ಮಾಡುತ್ತೀರಿ. ಊಟದ ವಾಸನೆ ಬರುವ ಹೊತ್ತಿಗೆ ಇಪ್ಪತ್ತನೆಯ ಕವಿ ಖಾಲಿ ಕುರ್ಚಿಗಳಿಗೆ ಓದುತ್ತಿರುತ್ತಾಳೆ. ಶಾಲು, ಹಾರ ಕವಿತೆಗಳ ನಂತರ ಇರಲಿ. ಮೈಕಿನ ಕಂಬವನ್ನು ಇಳಿಸಲು ಬರುವಂತಿರಲಿ. ಹಳ್ಳಿಯಿಂದ ಬರುವ ಹೆಣ್ಣುಮಕ್ಕಳ ಹೆಸರಿನ ಮುಂದೆ ಅವರ ಊರಿನ ಕೊನೆಯ ಬಸ್ಸಿನ ಸಮಯವನ್ನೂ ಬರೆದುಕೊಂಡು, ಓದುವ ಸರದಿಯನ್ನು ಅದರ ಪ್ರಕಾರ ಹಾಕಿ.