ಮಲಗಿದ ಲ್ಯಾಪ್‌ಟಾಪ್ ಏಳದಿದ್ದರೆ?



ಬೆಳಿಗ್ಗೆ ಡೊಂಬಿವಲಿಯಲ್ಲಿ ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿ, ಚೀಲಕ್ಕೆ ತುರುಕಿ, ಓಡೋಡಿ ಲೋಕಲ್ ಹಿಡಿಯುತ್ತೀರಿ. ಆಫೀಸು ತಲುಪಿ ಚೀಲ ತೆರೆದರೆ ಲ್ಯಾಪ್‌ಟಾಪು ಈಗ ತಾನೇ ಒಲೆಯಿಂದ ಇಳಿಸಿದ ತವೆಯ ಹಾಗೆ ಬಿಸಿ! ಬ್ಯಾಟರಿ ಮುಕ್ಕಾಲು ಖಾಲಿ. ಇಲ್ಲವೇ ಪರದೆ ಕಪ್ಪಗೆ, ಯಾವ ಕೀಲಿ ಒತ್ತಿದರೂ ಜಪ್ಪಯ್ಯ ಎನ್ನುವುದಿಲ್ಲ. ಕೊನೆಗೆ ಪವರ್ ಬಟನ್ನನ್ನು ಒತ್ತಿ ಹಿಡಿಯುತ್ತೀರಿ. ಯಂತ್ರ ಎದ್ದಿತು, ಆದರೆ ರಾತ್ರಿಯೆಲ್ಲ ಕುಳಿತು ಬರೆದದ್ದು ಹೋಯಿತು. ಲಿನಕ್ಸ್ ಬಳಸುವ ನಿಮ್ಮಲ್ಲಿ ಹಲವರಿಗೆ ಈ ಅನುಭವ ಆಗಿರಲೇಬೇಕು.

ಇಂಗ್ಲಿಷ್‌ನಲ್ಲಿ ಬಿ.ಎ. ಮಾಡಿ ಮನೆ ನೋಡಿಕೊಂಡಿರುವ ಈ ಆಂಟಿಗೆ ಇದರ ಉಸಾಬರಿ ಏಕೆ ಎನ್ನಬೇಡಿ. ನಾನೂ ಕಳೆದುಕೊಂಡವಳೇ.

ಮಗ ಬೇರೆ ಊರಿಗೆ ಕೆಲಸಕ್ಕೆ ಹೋಗುವಾಗ ತನ್ನ ಹಳೆಯ ಲ್ಯಾಪ್‌ಟಾಪಿಗೆ ಉಬುಂಟು ಹಾಕಿ ನನಗೆ ಕೊಟ್ಟುಹೋಗಿದ್ದ. 2023ರ ಶ್ರಾವಣದಲ್ಲಿ ಧಾರವಾಡದ ನಮ್ಮ ದೊಡ್ಡವ್ವ ಫೋನಿನಲ್ಲಿ ಹಳೆಯ ಮದುವೆ ಹಾಡುಗಳನ್ನು ಹೇಳುತ್ತಿದ್ದರು. ನಾನು ಕಾಗದದ ಗೋಜಿಗೆ ಹೋಗದೆ ನೇರವಾಗಿ ಟೈಪ್ ಮಾಡಿಕೊಳ್ಳುತ್ತಿದ್ದೆ. ಒಂದು ಮಧ್ಯಾಹ್ನ ಮೂರು ಹಾಡು ಮುಗಿದವು. ಬಾಗಿಲ ಗಂಟೆ ಬಾರಿಸಿತೆಂದು ಕಡತಕ್ಕೆ ಹೆಸರೂ ಕೊಡದೆ ಮುಚ್ಚಳ ಮುಚ್ಚಿ ಎದ್ದೆ. ಮುಚ್ಚಿಟ್ಟದ್ದು ಭದ್ರವಾಗಿರುತ್ತದೆ ಎಂಬ ನಂಬಿಕೆ. ಮರುದಿನ ಸಂಜೆ ತೆರೆದರೆ ಬ್ಯಾಟರಿ ಪೂರ್ತಿ ಇಳಿದಿತ್ತು. ಚಾರ್ಜಿಗೆ ಹಾಕಿ ಹೊತ್ತಿಸಿದರೆ ಹಾಡುಗಳಿಲ್ಲ. ದೊಡ್ಡವ್ವ ಎರಡನ್ನು ಮತ್ತೆ ಹೇಳಿದರು. ಮೂರನೆಯದರ ನಡುವಿನ ನುಡಿಗಳು ಅವರಿಗೆ ನೆನಪಿಗೆ ಬರಲೇ ಇಲ್ಲ. "ಹೋಗ್ಲಿ ಬಿಡವಾ, ಹಾಡಕೋತ ಕುಂತಾಗ ಬರ್ತಾವು, ಬರಸಾಕ ಹೋದ್ರ ಹಾರಿ ಹೋಗ್ತಾವು" ಎಂದರು. ಅವರು ಬಿಟ್ಟರು, ನನಗೆ ಬಿಡಲಾಗಲಿಲ್ಲ. ಅಂದಿನಿಂದ ಈ ಗಣಕದ ನಿದ್ದೆಯ ವಿಷಯವನ್ನು ಹಿಡಿದು ಕುಳಿತೆ. ಮಗನಿಂದ ಫೋನಿನಲ್ಲಿ ಕಲಿತದ್ದನ್ನು, ನಾನೇ ಮಾಡಿ ನೋಡಿದ್ದನ್ನು ನಿಮಗೆ ಹೇಳುತ್ತೇನೆ.

ಎರಡು ಬಗೆಯ ನಿದ್ದೆ

ಗಣಕಕ್ಕೆ ಮುಖ್ಯವಾಗಿ ಎರಡು ನಿದ್ದೆಗಳಿವೆ. ಒಂದು ಸಸ್ಪೆಂಡ್, ಇನ್ನೊಂದು ಹೈಬರ್ನೇಟ್.

ಅಡುಗೆಮನೆಯ ಲೆಕ್ಕದಲ್ಲಿ ಹೇಳುವುದಾದರೆ, ಸಸ್ಪೆಂಡ್ ಎಂದರೆ ಹೆಚ್ಚಿದ ತರಕಾರಿ, ಕಲಸಿದ ಹಿಟ್ಟು ಎಲ್ಲವನ್ನೂ ಕಟ್ಟೆಯ ಮೇಲೆಯೇ ಬಿಟ್ಟು ಒಂದು ಗಳಿಗೆ ಹೊರಗೆ ಹೋದಂತೆ. ಬಂದ ಕೂಡಲೇ ಕೆಲಸ ಮುಂದುವರಿಯುತ್ತದೆ. ಇಲ್ಲಿ ಆ ಕಟ್ಟೆಯೇ ರ್‍ಯಾಮ್ ಎಂಬ ಸ್ಮೃತಿ. ಅದಕ್ಕೆ ಸ್ವಲ್ಪವಾದರೂ ವಿದ್ಯುತ್ ಹರಿಯುತ್ತಿರಬೇಕು. ಬ್ಯಾಟರಿ ಮುಗಿಯಿತೋ, ಕಟ್ಟೆಯ ಮೇಲಿದ್ದದ್ದೆಲ್ಲ ಮಾಯ. ನನ್ನ ಹಾಡುಗಳು ಹೋದದ್ದು ಹೀಗೆಯೇ.

ಹೈಬರ್ನೇಟ್ ಎಂದರೆ ಎಲ್ಲವನ್ನೂ ಡಬ್ಬಿಗೆ ತುಂಬಿ, ಕಪಾಟಿಗೆ ಸೇರಿಸಿ, ಮೇನ್ ಸ್ವಿಚ್ ಆರಿಸಿ ಊರಿಗೆ ಹೋದಂತೆ. ಸ್ಮೃತಿಯಲ್ಲಿದ್ದದ್ದು ಡಿಸ್ಕಿನ ಸ್ವಾಪ್ ಎಂಬ ಜಾಗಕ್ಕೆ ಹೋಗುತ್ತದೆ, ಯಂತ್ರ ಪೂರ್ತಿ ಆರುತ್ತದೆ. ಏಳುವುದು ನಿಧಾನ, ಆದರೆ ಬ್ಯಾಟರಿ ತೀರಿದರೂ ನಷ್ಟವಿಲ್ಲ.

ಇದು ಲಿನಕ್ಸಿನಲ್ಲಿ ಏಕೆ ಹೆಚ್ಚು ಕಾಡುತ್ತದೆ? ಮಲಗಿಸಿ ಎಬ್ಬಿಸುವುದು ಒಬ್ಬರ ಕೆಲಸವಲ್ಲ. ಪರದೆ, ವೈಫೈ, ಡಿಸ್ಕು, ಕೀಲಿಮಣೆ ಪ್ರತಿಯೊಂದರ ಡ್ರೈವರೂ ಸರತಿಯಂತೆ ಮಲಗಿ ಸರತಿಯಂತೆ ಏಳಬೇಕು. ಜೊತೆಗೆ ತಯಾರಕರು ಯಂತ್ರದೊಳಗೇ ಬರೆದಿಟ್ಟ ಬಯಾಸ್ ಎಂಬ ತಂತ್ರಾಂಶ ಸಹಕರಿಸಬೇಕು. ಇದಕ್ಕಾಗಿ ಇಂಟೆಲ್, ಮೈಕ್ರೋಸಾಫ್ಟ್ ಮತ್ತು ತೋಷಿಬಾ ಸೇರಿ 1996ರಲ್ಲಿ ಎಸಿಪಿಐ ಎಂಬ ನಿಯಮಾವಳಿ ತಂದರು. ಆದರೆ ಹೆಚ್ಚಿನ ತಯಾರಕರು ತಮ್ಮ ಬಯಾಸನ್ನು ಪರೀಕ್ಷಿಸುವುದು ವಿಂಡೋಸ್ ಜೊತೆಗೆ. ಲಿನಕ್ಸ್ ಕಡೆಯಿಂದ ಜೆಕ್ ದೇಶದ ಪಾವೆಲ್ ಮಾಖೆಕ್, ಪೋಲೆಂಡಿನ ರಫಾಯೆಲ್ ವಿಸೋಟ್ಸ್ಕಿ ಮೊದಲಾದವರು ವರ್ಷಗಟ್ಟಲೆ ಕುಳಿತು ಈ ಭಾಗವನ್ನು ತಿದ್ದಿದ್ದಾರೆ. ಆದ್ದರಿಂದ ಲಿನಕ್ಸೇ ಸರಿಯಿಲ್ಲ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕಬೇಡಿ.

ಮೊದಲು ರೋಗ, ಆಮೇಲೆ ಔಷಧ

ನಾನು ಗಾಬರಿಯಿಂದ ಫೋನ್ ಮಾಡಿದಾಗ ಮಗ ಕೇಳಿದ್ದು ಒಂದೇ ಪ್ರಶ್ನೆ: "ಅಮ್ಮಾ, ಅದು ಮಲಗಲೇ ಇಲ್ಲವೋ, ಮಲಗಿದ್ದು ಏಳಲಿಲ್ಲವೋ, ಎದ್ದರೂ ಪರದೆ ಮಾತ್ರ ಬರಲಿಲ್ಲವೋ?" ಮೂರೂ ಬೇರೆ ಬೇರೆ ರೋಗ, ಬೇರೆ ಬೇರೆ ಔಷಧ. ಯಾರೋ ಹೇಳಿದರೆಂದು ಹತ್ತು ಬದಲಾವಣೆ ಒಟ್ಟಿಗೆ ಮಾಡಿದರೆ ಯಾವುದರಿಂದ ಗುಣವಾಯಿತು, ಯಾವುದರಿಂದ ಕೆಟ್ಟಿತು ಎಂದೇ ತಿಳಿಯುವುದಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ. ಮಾಡಿದ್ದನ್ನು ಚೀಟಿಯಲ್ಲಿ ಬರೆದಿಡಿ.

ಇಲ್ಲಿ ಆದೇಶಗಳನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಟರ್ಮಿನಲ್ಲಿನಲ್ಲಿ ಅವನ್ನು ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಟೈಪ್ ಮಾಡಬೇಕು.

ಮೊದಲು ಎಲ್ಲ ಕೆಲಸ ಸೇವ್ ಮಾಡಿ "ಸಿಸ್ಟಮ್‌ಸಿಟಿಎಲ್ ಸಸ್ಪೆಂಡ್" ಎಂಬ ಆದೇಶ ಕೊಡಿ. ಇದರಿಂದ ಸರಿಯಾಗಿ ಮಲಗಿ ಎದ್ದರೆ ನಿದ್ದೆಯಲ್ಲಿ ದೋಷವಿಲ್ಲ, ಮುಚ್ಚಳದ ಸೆಟ್ಟಿಂಗಿನಲ್ಲಿದೆ. ಇನ್ನೊಂದು ವಿಷಯ. ಹೊರಗಿನ ಮಾನಿಟರ್ ಜೋಡಿಸಿದ್ದರೆ ಮುಚ್ಚಳ ಮುಚ್ಚಿದರೂ ಲಿನಕ್ಸ್ ಸಾಮಾನ್ಯವಾಗಿ ಮಲಗುವುದಿಲ್ಲ. ಅದು ರೋಗವಲ್ಲ, ಬೇಕೆಂದೇ ಹಾಗೆ ಮಾಡಿದ್ದಾರೆ.

ಎರಡನೆಯದು, ದಿನಚರಿ ಓದುವುದು. ಲಿನಕ್ಸ್ ತಾನು ಮಾಡಿದ್ದನ್ನೆಲ್ಲ ಬರೆದಿಡುತ್ತದೆ. ಯಂತ್ರವನ್ನು ಬಲವಂತವಾಗಿ ಆರಿಸಿ ಹೊತ್ತಿಸಿದ ಮೇಲೆ "ಜರ್ನಲ್‌ಸಿಟಿಎಲ್ -ಬಿ -1" ಎಂದರೆ ಹಿಂದಿನ ಸಲದ ದಿನಚರಿ ಕಾಣುತ್ತದೆ. ಅದರ ಕೊನೆಯಲ್ಲಿ "ಸಸ್ಪೆಂಡ್ ಎಂಟ್ರಿ", "ಸಸ್ಪೆಂಡ್ ಎಕ್ಸಿಟ್" ಎಂಬ ಸಾಲುಗಳನ್ನು ಹುಡುಕಿ. ಎಂಟ್ರಿ ಇದ್ದು ಎಕ್ಸಿಟ್ ಇಲ್ಲದಿದ್ದರೆ ಮಲಗಲು ಹೊರಟದ್ದು ಏಳಲಿಲ್ಲ. ಎಂಟ್ರಿಯೇ ಇಲ್ಲದಿದ್ದರೆ ಮಲಗುವ ಮಾತೇ ಅದರ ಕಿವಿಗೆ ಬಿದ್ದಿಲ್ಲ. ಎರಡೂ ಇದ್ದು ಪರದೆ ಕಪ್ಪಾಗಿದ್ದರೆ ಯಂತ್ರ ಎದ್ದಿದೆ, ಪರದೆ ಮಾತ್ರ ಎದ್ದಿಲ್ಲ.

ಕಪ್ಪು ಪರದೆ ಎದುರಾದಾಗ ಪವರ್ ಬಟನ್ನಿಗೆ ಕೈ ಹಾಕುವ ಮೊದಲು ಕ್ಯಾಪ್ಸ್ ಲಾಕ್ ಒತ್ತಿ ನೋಡಿ. ಅದರ ದೀಪ ಹೊತ್ತಿ ಆರಿದರೆ ಯಂತ್ರ ಜೀವಂತವಾಗಿದೆ. ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿದರೆ ಬರೀ ಅಕ್ಷರಗಳ ಪರದೆ ಬರಬಹುದು. ಅಲ್ಲಿಂದ ಕನಿಷ್ಠ ಕ್ರಮವಾಗಿ ರೀಬೂಟ್ ಮಾಡಬಹುದು. ಎನ್‌ವಿಡಿಯಾ ಗ್ರಾಫಿಕ್ಸ್ ಇರುವ ಯಂತ್ರಗಳಲ್ಲಿ ಈ ತೊಂದರೆ ಸಾಮಾನ್ಯ. ಆ ಡ್ರೈವರಿನ ಜೊತೆ ಬರುವ ಎನ್‌ವಿಡಿಯಾ-ಸಸ್ಪೆಂಡ್, ಎನ್‌ವಿಡಿಯಾ-ರೆಸ್ಯೂಮ್ ಸೇವೆಗಳು ಚಾಲೂ ಇವೆಯೇ ಎಂದು ಮೊದಲು ನೋಡಿ.

ಇತ್ತೀಚೆಗೆ ಅಪ್‌ಡೇಟ್ ಆದ ಮೇಲೆ ತೊಂದರೆ ಶುರುವಾಯಿತೇ? ಹೊತ್ತಿಸುವಾಗ ಗ್ರಬ್ ಪಟ್ಟಿಯ ಅಡ್ವಾನ್ಸ್ಡ್ ಆಯ್ಕೆಯಲ್ಲಿ ಹಿಂದಿನ ಕರ್ನೆಲ್ ಆರಿಸಿ ನೋಡಿ. ಹಳೆಯದರಲ್ಲಿ ಸರಿಯಾದರೆ ಕಳ್ಳ ಸಿಕ್ಕಂತೆ.

ಚೀಲದೊಳಗೆ ಬಿಸಿಯಾಗುವುದು ಏಕೆ?

ಸಸ್ಪೆಂಡ್‌ನಲ್ಲೂ ಎರಡು ವಿಧ. "ಡೀಪ್" ಎಂಬುದು ಗಾಢ ನಿದ್ದೆ. "ಎಸ್2ಐಡಲ್" ಎಂಬುದು ಕೋಳಿನಿದ್ದೆ. ಬೇಗ ಏಳುತ್ತದೆ, ಆದರೆ ಎಲ್ಲ ಭಾಗಗಳೂ ಸರಿಯಾಗಿ ಮಲಗದಿದ್ದರೆ ಬ್ಯಾಟರಿ ನುಂಗುತ್ತದೆ. ಹೊಸ ಲ್ಯಾಪ್‌ಟಾಪುಗಳಲ್ಲಿ ಹಲವಕ್ಕೆ ಕೋಳಿನಿದ್ದೆ ಮಾತ್ರ ಗೊತ್ತು. 2018ರಲ್ಲಿ ಬಂದ ಥಿಂಕ್‌ಪ್ಯಾಡ್ ಎಕ್ಸ್1 ಕಾರ್ಬನ್ ಆರನೆಯ ಪೀಳಿಗೆಯಲ್ಲಿ ಮೊದಲು ಗಾಢ ನಿದ್ದೆ ಇರಲಿಲ್ಲ. ಲಿನಕ್ಸ್ ಬಳಕೆದಾರರು ದೂರಿದ ಮೇಲೆ ಅದೇ ವರ್ಷ ಬಯಾಸ್ ಅಪ್‌ಡೇಟಿನಲ್ಲಿ "ಲಿನಕ್ಸ್" ಎಂಬ ಆಯ್ಕೆ ಸೇರಿತು. ಆದ್ದರಿಂದ ನಿಮ್ಮ ಯಂತ್ರದ ಬಯಾಸ್ ಅಪ್‌ಡೇಟ್ ಇದೆಯೇ, ಒಳಗೆ ಸ್ಲೀಪ್ ಎಂಬ ಆಯ್ಕೆ ಇದೆಯೇ ಎಂದು ನೋಡುವುದು ವ್ಯರ್ಥವಲ್ಲ.

"ಕ್ಯಾಟ್ /ಸಿಸ್/ಪವರ್/ಮೆಮ್_ಸ್ಲೀಪ್" ಎಂದರೆ ನಿಮ್ಮಲ್ಲಿರುವ ವಿಧಗಳು ಕಾಣುತ್ತವೆ. ಚೌಕ ಆವರಣದೊಳಗೆ ಇರುವುದು ಈಗ ಬಳಕೆಯಲ್ಲಿರುವುದು. ನನ್ನದರಲ್ಲಿ ಎರಡೂ ಇದ್ದವು, ಆವರಣದೊಳಗೆ ಕೋಳಿನಿದ್ದೆ ಕುಳಿತಿತ್ತು! ಗ್ರಬ್ ಸೆಟ್ಟಿಂಗಿನ ಕರ್ನೆಲ್ ಸಾಲಿಗೆ "ಮೆಮ್_ಸ್ಲೀಪ್_ಡಿಫಾಲ್ಟ್=ಡೀಪ್" ಎಂದು ಸೇರಿಸಿ, "ಅಪ್‌ಡೇಟ್-ಗ್ರಬ್" ಕೊಟ್ಟು ರೀಬೂಟ್ ಮಾಡಿದ ಮೇಲೆ ರಾತ್ರಿಯಿಡೀ ಮಲಗಿದರೂ ಬ್ಯಾಟರಿ ಅಷ್ಟೇನೂ ಇಳಿಯುತ್ತಿಲ್ಲ. ಕೆಲವು ಯಂತ್ರಗಳು ಗಾಢ ನಿದ್ದೆಗೆ ಹೋದರೆ ಏಳುವುದೇ ಇಲ್ಲ. ಹಾಗಾದರೆ ಹಿಂದಿನಂತೆಯೇ ಇಡಿ.

ತಾನಾಗಿಯೇ ಎಚ್ಚರವಾಗುವ ಯಂತ್ರವಿದ್ದರೆ ವೈರ್‌ಲೆಸ್ ಮೌಸಿನ ಪುಟ್ಟ ರಿಸೀವರನ್ನು ಕಿತ್ತು ನೋಡಿ. ಚೀಲದಲ್ಲಿ ಮೌಸ್ ಅಲುಗಾಡಿದರೆ ಸಾಕು, ನಿದ್ದೆ ಕೆಡುತ್ತದೆ. ಯಾವ ಯಾವ ಭಾಗಕ್ಕೆ ಎಬ್ಬಿಸುವ ಅಧಿಕಾರವಿದೆ ಎಂಬ ಪಟ್ಟಿ "/ಪ್ರಾಕ್/ಎಸಿಪಿಐ/ವೇಕಪ್" ಕಡತದಲ್ಲಿದೆ.

ಕುಂಭಕರ್ಣನಿಗೆ ಜಾಗ ಬೇಕು

ಹೈಬರ್ನೇಟ್ ಕೆಲಸ ಮಾಡದಿರಲು ಮೊದಲ ಕಾರಣ ಜಾಗದ ಕೊರತೆ. "ಸ್ವಾಪ್‌ಆನ್ --ಶೋ" ಎಂದು ಕೇಳಿ. ನನ್ನಲ್ಲಿ ರ್‍ಯಾಮ್ 8 ಜಿಬಿ, ಸ್ವಾಪ್ ಬರೀ 2 ಜಿಬಿ. ಎಂಟು ಸೇರು ಅಕ್ಕಿ ಎರಡು ಸೇರಿನ ಡಬ್ಬಿಗೆ ಹಿಡಿಸೀತೇ? ಸ್ವಾಪ್ ರ್‍ಯಾಮಿನಷ್ಟಾದರೂ ಇದ್ದರೆ ನಿಶ್ಚಿಂತೆ. ಪಟ್ಟಿಯಲ್ಲಿ "ಝಡ್‌ರ್‍ಯಾಮ್" ಎಂದು ಮಾತ್ರ ಇದ್ದರೆ ಅದು ರ್‍ಯಾಮಿನೊಳಗೇ ಮಾಡಿಕೊಂಡ ಸ್ವಾಪ್. ವಿದ್ಯುತ್ ಹೋದರೆ ಅದೂ ಹೋಗುತ್ತದೆ. ಫೆಡೋರಾ 2020ರ 33ನೇ ಆವೃತ್ತಿಯಿಂದ ಹೀಗೆಯೇ ಬರುತ್ತಿದೆ.

ಎರಡನೆಯ ಕಾರಣ, ಏಳುವಾಗ ಡಬ್ಬಿ ಎಲ್ಲಿದೆ ಎಂದು ಯಂತ್ರಕ್ಕೆ ಗೊತ್ತಿಲ್ಲದಿರುವುದು. ಹಲವು ವ್ಯವಸ್ಥೆಗಳಲ್ಲಿ ಕರ್ನೆಲ್ ಸಾಲಿನಲ್ಲಿ "ರೆಸ್ಯೂಮ್=" ಎಂದು ಸ್ವಾಪ್ ಇರುವ ಭಾಗದ ಗುರುತನ್ನು ನಾವೇ ಕೊಡಬೇಕು. ಸ್ವಾಪ್ ಒಂದು ಕಡತವಾಗಿದ್ದರೆ "ರೆಸ್ಯೂಮ್_ಆಫ್‌ಸೆಟ್" ಕೂಡ ಬೇಕು.

ಮೂರನೆಯದು ಸೆಕ್ಯೂರ್ ಬೂಟ್. ಅದು ಚಾಲೂ ಇದ್ದರೆ ಹಲವು ಲಿನಕ್ಸ್‌ಗಳು ಭದ್ರತೆಗಾಗಿ ಹೈಬರ್ನೇಟನ್ನು ತಡೆಯುತ್ತವೆ. ಉಬುಂಟು 2012ರ 12.04 ಆವೃತ್ತಿಯಿಂದಲೇ ಅದನ್ನು ಮೆನುವಿನಿಂದ ತೆಗೆದಿದೆ.

ಒಂದೇ ಲ್ಯಾಪ್‌ಟಾಪಿನಲ್ಲಿ ವಿಂಡೋಸ್, ಲಿನಕ್ಸ್ ಎರಡನ್ನೂ ಇಟ್ಟುಕೊಂಡವರಿಗೆ ಒಂದು ಎಚ್ಚರಿಕೆ. ಒಂದನ್ನು ಹೈಬರ್ನೇಟ್ ಮಾಡಿಟ್ಟು, ಇನ್ನೊಂದರಿಂದ ಅದರ ಡಿಸ್ಕಿಗೆ ಕೈ ಹಾಕಬೇಡಿ. ಕಡತಗಳು ಹಾಳಾಗುತ್ತವೆ. ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ಕೂಡ ಅರ್ಧ ಹೈಬರ್ನೇಟೇ. ಅದನ್ನು ಆರಿಸಿಡುವುದು ಕ್ಷೇಮ.

ಇಷ್ಟೆಲ್ಲ ಸರಿಮಾಡಿದ ಮೇಲೂ ನಾನು ಈಗ ನಿದ್ದೆಯನ್ನು ಪೂರ್ತಿ ನಂಬುವುದಿಲ್ಲ. ಸಸ್ಪೆಂಡಾಗಲಿ ಹೈಬರ್ನೇಟಾಗಲಿ, ಕೆಲಸ ಬೇಗ ಮುಂದುವರಿಸಲು ಇರುವ ಅನುಕೂಲ ಅಷ್ಟೇ, ಕಾಪಿಡುವ ಪೆಟ್ಟಿಗೆಯಲ್ಲ. ಬಾಗಿಲ ಗಂಟೆ ಬಾರಿಸಿದರೂ ಮೊದಲು ಕಂಟ್ರೋಲ್ ಎಸ್ ಒತ್ತಿ ಆಮೇಲೆಯೇ ಏಳುತ್ತೇನೆ.

ಮೂರನೆಯ ಹಾಡು, ಬೀಗರನ್ನು ಎದುರುಗೊಳ್ಳುವಾಗ ಹೇಳುವ ಹಾಡು, ಇನ್ನೂ ಅರ್ಧದಲ್ಲೇ ನಿಂತಿದೆ. ನಿಮ್ಮ ಮನೆಯಲ್ಲಿ ಅಂಥ ಹಾಡು ಬಲ್ಲ ಅಜ್ಜಿಯಿದ್ದರೆ ಈ ಭಾನುವಾರ ಪಕ್ಕದಲ್ಲಿ ಕುಳಿತು ಬರೆದುಕೊಳ್ಳಿ. ಮುಚ್ಚಳ ಮುಚ್ಚುವ ಮೊದಲು ಮರೆಯದೆ ಸೇವ್ ಮಾಡಿ.