27 ತಿರುವು ಇಳಿಯಬೇಕಾದ ಟೊಮೆಟೊ

ತಮಿಳುನಾಡಿನ ಈರೋಡ್ ಜಿಲ್ಲೆಯ ತಾಳವಾಡಿ ಬೆಟ್ಟಸೀಮೆಯಲ್ಲಿ, ತಿಗನಾರೆಯಂತಹ ಊರುಗಳಿರುವ ಈ ಕನ್ನಡ ಮಾತಿನ ನೆಲದಲ್ಲಿ, ಎಲೆಕೋಸು, ಆಲೂಗಡ್ಡೆ, ಬೆಳ್ಳುಳ್ಳಿಗಳ ಜೊತೆಗೆ ಟೊಮೆಟೊ ಕೂಡ ರೈತರ ಕೈಗೆ ಕಾಸು ತರುವ ಬೆಳೆ. ಇಲ್ಲಿ ಕೊಯ್ದ ಹಣ್ಣು ಸತ್ಯಮಂಗಲದ ಕಡೆಯ ಪೇಟೆ ಸೇರಬೇಕಾದರೆ ದಿಂಬಂ ಘಾಟಿಯ 27 ಕಡಿದಾದ ತಿರುವುಗಳನ್ನು ಕ್ರೇಟಿನೊಳಗೆ ಒಂದರ ಮೇಲೊಂದು ಒತ್ತಿಕೊಂಡೇ ಇಳಿಯಬೇಕು. ಗಿಡ ರೋಗಕ್ಕೆ ಬಗ್ಗಬಾರದು, ಹಣ್ಣು ದಾರಿಯಲ್ಲಿ ಒಡೆಯಬಾರದು ಎಂಬ ಈ ಎರಡು ಬೇಡಿಕೆಗಳನ್ನು ಒಂದೇ ಬೀಜದಲ್ಲಿ ಕೂಡಿಸುವುದೇ ತಳಿ ವಿಜ್ಞಾನಿಗಳ ಹಲವು ವರ್ಷಗಳ ದುಡಿಮೆ.

ಬಿಸಿಲು ಏರಿದಾಗ ಬಿಳಿನೊಣ ಹೊತ್ತು ತರುವ ಎಲೆ ಮುರುಟು ನಂಜುರೋಗ, ತಂಪು ಮೋಡದ ದಿನಗಳಲ್ಲಿ ತಡ ಅಂಗಮಾರಿ ಟೊಮೆಟೊವನ್ನು ಕಾಡುತ್ತವೆ. ಇವೆರಡಕ್ಕಿಂತ ದುಂಡಾಣು ಸೊರಗು ರೋಗವೇ ಹೆಚ್ಚು ಮೋಸದ್ದು, ಏಕೆಂದರೆ ಎಲೆ ಹಸಿರಾಗಿರುವಾಗಲೇ ಗಿಡ ಜೋತುಬೀಳುತ್ತದೆ. ಅಂತಹ ಗಿಡದ ಕಾಂಡವನ್ನು ಬುಡದ ಬಳಿ ಕತ್ತರಿಸಿ ಗಾಜಿನ ಲೋಟದ ತಿಳಿನೀರಿಗೆ ತಾಗಿಸಿ ಹಿಡಿದರೆ, ಕೆಲವೇ ನಿಮಿಷಗಳಲ್ಲಿ ಕತ್ತರಿಸಿದ ಬಾಯಿಂದ ಹಾಲಿನಂತಹ ಬಿಳಿ ಎಳೆಯೊಂದು ಕೆಳಗಿಳಿಯುತ್ತದೆ. ಅದು ಗಿಡದ ನೀರಿನ ನಾಳಗಳನ್ನು ಕಟ್ಟಿಹಾಕಿದ್ದ ದುಂಡಾಣುಗಳ ಹರಿವು. ಮಣ್ಣಿನಲ್ಲಿ ನೆಲೆನಿಲ್ಲುವ ಈ ರೋಗಕ್ಕೆ ಎಲೆಗೆ ಹೊಡೆಯುವ ಔಷಧಿ ನಾಟುವುದಿಲ್ಲವಾದ್ದರಿಂದ ನಿರೋಧಕ ತಳಿಯೇ ರೈತನಿಗೆ ನಿಜವಾದ ಆಸರೆ.

ನಿರೋಧಕ ಗುಣ ಬಹುಮಟ್ಟಿಗೆ ದೊರೆತದ್ದು ದಕ್ಷಿಣ ಅಮೆರಿಕದ ಕಾಡು ಬಂಧುಗಳಲ್ಲಿ. ಎಲೆ ಮುರುಟು ರೋಗವನ್ನು ತಡೆಯುವ ಟಿವೈ-1, ಟಿವೈ-3 ಎಂಬ ವಂಶವಾಹಿಗಳು ಸೊಲಾನಂ ಚಿಲೆನ್ಸ್‌ನಿಂದಲೂ ಟಿವೈ-2 ಸೊಲಾನಂ ಹ್ಯಾಬ್ರೊಕೈಟಿಸ್‌ನಿಂದಲೂ ಬಂದಿವೆ. ಆದರೆ ಕಾಡುಗಿಡ ತನ್ನ ಒಳ್ಳೆಯ ಗುಣವೊಂದನ್ನೇ ಬಿಟ್ಟುಕೊಡುವುದಿಲ್ಲ; ಸಣ್ಣ ಗಾತ್ರದ, ರುಚಿಗೆ ಒಗ್ಗದ ಕಾಯಿಯ ಲಕ್ಷಣಗಳೂ ಅದರೊಂದಿಗೆ ಅಂಟಿಕೊಂಡು ಬರುತ್ತವೆ. ಹೀಗಾಗಿ ಸಂಕರದ ಸಂತತಿಯನ್ನು ಉತ್ತಮ ತಳಿಯೊಂದಿಗೆ ಮತ್ತೆ ಮತ್ತೆ ಕೂಡಿಸಿ, ಬೇಡದ್ದನ್ನು ಸೋಸುತ್ತ ನಿರೋಧಕ ಗುಣವನ್ನು ಮಾತ್ರ ಉಳಿಸಿಕೊಳ್ಳಬೇಕಾಗುತ್ತದೆ. ಇದನ್ನು ಹಿಮ್ಮುಖ ಸಂಕರಣ ಎನ್ನುತ್ತಾರೆ.

ಕರ್ನಾಟಕದಲ್ಲಿ ಈ ಕೆಲಸಕ್ಕೆ ದೀರ್ಘ ಪರಂಪರೆಯಿದೆ. ಬೆಂಗಳೂರಿನ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ 1973ರಲ್ಲಿಯೇ ‘ಕರ್ನಾಟಕ’ ಎಂಬ ಸಂಕರ ಟೊಮೆಟೊವನ್ನು ಹೊರತಂದಿತ್ತು. ಬಳಿಕ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಎ.ಟಿ. ಸದಾಶಿವ ಅವರ ತಂಡ ರೂಪಿಸಿದ ‘ಅರ್ಕಾ ರಕ್ಷಕ್’ ಎಲೆ ಮುರುಟು, ದುಂಡಾಣು ಸೊರಗು, ಮುಂಚಿನ ಅಂಗಮಾರಿ ಈ ಮೂರನ್ನೂ ತಡೆದುಕೊಳ್ಳುತ್ತ, 90ರಿಂದ 100 ಗ್ರಾಂ ತೂಗುವ, ಕಡುಗೆಂಪಿನ ಗಟ್ಟಿ ಹಣ್ಣು ಕೊಡುತ್ತದೆ. ‘ಅರ್ಕಾ ಅಭೇದ್’ ತಡ ಅಂಗಮಾರಿಯನ್ನೂ ಸೇರಿಸಿ ನಾಲ್ಕಕ್ಕೆ ಎದುರು ನಿಲ್ಲುತ್ತದೆ.

ಗಟ್ಟಿತನವೊಂದೇ ಗುಣಮಟ್ಟವಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಕಾಯಿಯ ತೊಟ್ಟಿನ ಸುತ್ತ ಉಳಿಯುವ ಕಡುಹಸಿರು ಹೆಗಲನ್ನು ಅಳಿಸಿ, ಹಣ್ಣು ಒಂದೇ ಸಮನೆ ಕೆಂಪಾಗಲೆಂದು ತಳಿಗಾರರು ದಶಕಗಳ ಕಾಲ ಆರಿಸಿಕೊಂಡ ಗುಣವು ಹಣ್ಣಿನ ಸಕ್ಕರೆಯನ್ನೇ ತಗ್ಗಿಸಿತೆಂದು 2012ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಸಾರಿಗೆ ರುಚಿ ಬೇಕೆಂದು ನಾಟಿ ಟೊಮೆಟೊವನ್ನೇ ಹುಡುಕುವ ಗೃಹಿಣಿಯ ದೂರಿನಲ್ಲಿ ನ್ಯಾಯವಿದೆ.

ಅರ್ಕಾ ರಕ್ಷಕ್‌ನಂತಹ ಸಂಕರ ಬೀಜ ತುಟ್ಟಿಯಾಗಲು ಕೈಕೆಲಸವೇ ಮುಖ್ಯ ಕಾರಣ. ರಾಣೆಬೆನ್ನೂರಿನ ಸುತ್ತಮುತ್ತಲ ಬೀಜೋತ್ಪಾದನಾ ತಾಕುಗಳಲ್ಲಿ ಅರಳುವ ಮುನ್ನವೇ ಮೊಗ್ಗನ್ನು ಚಿಮುಟದಿಂದ ಬಿಡಿಸಿ, ಪರಾಗಕೋಶದ ಹಳದಿ ಕೊಳವೆಯನ್ನು ಕಿತ್ತು, ಬಳಿಕ ಇನ್ನೊಂದು ತಳಿಯ ಪರಾಗವನ್ನು ಶಲಾಕೆಯ ತುದಿಗೆ ಮುಟ್ಟಿಸುತ್ತಾರೆ. ಆ ಬೀಜದಿಂದ ಬಂದ ಹಣ್ಣಿನ ಬೀಜವನ್ನು ಮತ್ತೆ ಬಿತ್ತಿದರೆ ಗುಣಗಳು ಚದುರಿಹೋಗುವುದರಿಂದ ರೈತ ಪ್ರತಿ ಬೆಳೆಗೂ ಹೊಸ ಬೀಜವನ್ನೇ ಕೊಳ್ಳಬೇಕು. ಆದರೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ನಂದಿ, ಸಂಕ್ರಾಂತಿ, ವೈಭವ್ ಎಂಬ ಎಲೆ ಮುರುಟು ನಿರೋಧಕ ತಳಿಗಳು ಸಂಕರವಲ್ಲದ್ದರಿಂದ ಅವುಗಳ ಬೀಜವನ್ನು ಮನೆಯಲ್ಲೇ ಎತ್ತಿಟ್ಟುಕೊಳ್ಳಬಹುದು.